ಮೂರು ಬಿತ್ತೋ, ನಾಲ್ಕು ಬಿತ್ತೋ

“ಸತ್ತವನೇ ಎದ್ದು ಬಂದು ಸಾಕ್ಷಿ ಹೇಳಿದರೆ ಮಾತ್ರ ಇವನನ್ನು ಬಿಡುತ್ತೇನೆ!” ಎಂದು ದೊರೆ ಸೋಮರಸ ತೊಡೆ ತಟ್ಟಿದ.

“ಆಗಲಿ ಪ್ರಭು, ಕರೆಸೋಣ” ಎಂದ ಆಸ್ಥಾನದ ವಿದೂಷಕ ಬೊಪ್ಪಣ್ಣ, ಊಟಕ್ಕೆ ನೆಂಟರನ್ನು ಕರೆಸುವವನ ಹಾಗೆ. ಅಂದದ್ದೇನೋ ಅಂದ, ಹೇಗೆ ಕರೆಸುವುದೆಂದು ಅವನಿಗೂ ಗೊತ್ತಿರಲಿಲ್ಲ.

ಆಪಾದನೆ ಇದ್ದದ್ದು ಅರಮನೆಯ ಹೂವಾಡಿಗ ಕೇತಯ್ಯನ ಮೇಲೆ. ತಮ್ಮ ಮಾಚಯ್ಯ ಎಂಟು ದಿನದಿಂದ ಇಲ್ಲ. ಅವನ ಪಂಚೆ, ರುಮಾಲು ಹೊಳೆದಂಡೆಯಲ್ಲಿ ಸಿಕ್ಕಿದ್ದವು. ಆ ದಿನ ಕೇತಯ್ಯನ ಜಗಲಿಯಿಂದ “ಕಡಿದೆ! ಕಡಿದೇಬಿಟ್ಟೆ!” ಎಂಬ ಕೂಗು, “ಸತ್ತರೂ ನಿನ್ನ ಮುಖ ನೋಡಲ್ಲ!” ಎಂಬ ತಮ್ಮನ ಅರಚಾಟ, ಎರಡನ್ನೂ ತಳವಾರ ಕಿವಿಯಾರೆ ಕೇಳಿದ್ದ. ದೊರೆಗೆ ಇನ್ನೇನು ಬೇಕು? ತಮ್ಮನ ಹತ್ತನೇ ದಿನದ ಎಡೆ ಇಟ್ಟು ಬಂದ ಕೂಡಲೇ ಅಣ್ಣನಿಗೆ ನೇಣು.

ಬೊಪ್ಪಣ್ಣ ಸೆರೆಮನೆಗೆ ಹೋದ. “ಕಡಿದೆ ಅಂದದ್ದು ನಿಜವೇನೋ?”

“ನಿಜ ಸ್ವಾಮಿ.”

“ಏನನ್ನ ಕಡಿದೆ?”

ಕೇತಯ್ಯ ಗಳಗಳ ಅತ್ತ. “ತಮ್ಮನ ಕಾಯಿ, ಚೌಕಾಬಾರದಾಗೆ. ಆ ಸಿಟ್ಟಿಗೇ ಹೊಳೆಗೆ ಬಿದ್ದ!”

“ಅಯ್ಯೋ ಮಂಕೆ, ದೊರೆಗೆ ಹೇಳಬಾರದಿತ್ತೇ?”

“ಹೇಳಿದ್ರೆ ಕವಡೆ ನಿಜಕ್ಕೂ ನಾಲ್ಕು ಬಿದ್ದಿತ್ತಾ ಅಂತ ಕೇಳ್ತಾರಲ್ಲ!” ಎಂದು ಕೇತಯ್ಯ ಗೋಡೆ ಕಡೆ ಮುಖ ಮಾಡಿದ.

ಕುತ್ತಿಗೆ ಹೋದರೂ ಮೋಸ ಒಪ್ಪದ ಮನುಷ್ಯ! ಬೊಪ್ಪಣ್ಣ ನಗು ನುಂಗಿಕೊಂಡು ತಳವಾರನನ್ನು ಹಿಡಿದ.

“ಪಂಚೆ ಹೇಗಿತ್ತಯ್ಯಾ?”

“ನೀಟಾಗಿ ಮಡಿಸಿತ್ತು ಬುದ್ಧಿ. ಗಾಳಿಗೆ ಹಾರಬಾರದು ಅಂತ ಮೇಲೊಂದು ಕಲ್ಲು.”

“ಚಪ್ಪಲಿ?”

“ಅದಿರಲಿಲ್ಲ.”

“ಚಪ್ಪಲಿ ಮೆಟ್ಟಿಕೊಂಡು ಮುಳುಗಿದ ಜಾಣ! ಇರಲಿ, ಹತ್ತನೇ ದಿನ ಬಂದೇ ಬರ್ತಾನೆ. ತನಗಾಗಿ ಯಾರು ಎಷ್ಟು ಅತ್ತರು ಅಂತ ನೋಡೋ ಆಸೆ ಯಾರಿಗಿರಲ್ಲ?”

ಹತ್ತನೇ ದಿನ ಹೊಳೆದಂಡೆಯಲ್ಲಿ ಎಡೆ ಇಟ್ಟರು. ಕೇತಯ್ಯನನ್ನು ಕಾವಲಲ್ಲಿ ಕರೆತಂದಿದ್ದರು, ದೊರೆಯೂ ಬಂದಿದ್ದ. ಕಾಗೆಗಳು ಸುತ್ತ ಕೂತವು, ಒಂದೂ ಮುಟ್ಟಲಿಲ್ಲ.

“ಸತ್ತವನಿಗೆ ಏನೋ ಆಸೆ ಉಳಿದದೆ, ಹೋಳಿಗೆ ಇಡ್ರಪ್ಪಾ” ಎಂದರು ಒಬ್ಬರು. “ಎಣ್ಣೆಗಾಯಿ ಇಡಿ” ಎಂದರು ಇನ್ನೊಬ್ಬರು.

ಬೊಪ್ಪಣ್ಣ ಗಂಟಲು ಸರಿಮಾಡಿಕೊಂಡು ಕೂಗಿದ: “ಮಾಚಯ್ಯಾ, ಕೊರಗಬೇಡಪ್ಪಾ! ಅವತ್ತು ನಾಲ್ಕೇ ಬಿದ್ದದ್ದಂತೆ. ನೀನು ನ್ಯಾಯವಾಗಿಯೇ ಸೋತೆ!”

ಕೇದಗೆ ಪೊದೆ ಅಲುಗಾಡಿತು. “ಸುಳ್ಳು! ಮೂರು! ಮೂರೇ ಬಿದ್ದದ್ದು! ಕಾಲ್ಬೆರಳಲ್ಲಿ ಕವಡೆ ಮಗುಚಿದ, ಕಳ್ಳ!” ಎನ್ನುತ್ತ ಲಂಗೋಟಿ, ಚಪ್ಪಲಿ ಸಮೇತ ಸತ್ತವನೇ ಓಡಿ ಬಂದ. ಎಡೆ ಇಡಿಸಲು ಬಂದಿದ್ದ ಅಯ್ಯನವರು ಕಾಗೆಗಳಿಗಿಂತ ಮೊದಲು ಪರಾರಿ.

ಕೇತಯ್ಯ ತಮ್ಮನನ್ನು ತಬ್ಬಿಕೊಂಡು ಬಿಕ್ಕಿದ. “ಮೂರೇ ಕಣೋ! ಮೂರೇ ಬಿದ್ದದ್ದು! ಇನ್ನೊಂದ್ಸಲ ಸಾಯಬೇಡ್ವೋ!” ಅಷ್ಟು ಹೊತ್ತು ನಗುತ್ತಿದ್ದ ಬೊಪ್ಪಣ್ಣನ ಕಣ್ಣೂ ಒದ್ದೆಯಾಯಿತು.

ದೊರೆ ಹೊಟ್ಟೆ ಹಿಡಿದುಕೊಂಡು ನಕ್ಕ. ತನ್ನ ಶಾಲು ತೆಗೆದು ಬೊಪ್ಪಣ್ಣನಿಗೆ ಹೊದಿಸಿ ಕೇಳಿದ: “ಅಲ್ಲವೋ, ಸತ್ತವನ ಬಾಯಿ ಹೇಗೆ ಬಿಡಿಸಿದೆ?”

“ಅದೇನು ಮಹಾ ಪ್ರಭು! ಅನ್ಯಾಯವಾಗಿ ಸತ್ತವನು ಬೇಕಾದರೆ ಸುಮ್ಮನಿರ್ತಾನೆ. ಅನ್ಯಾಯವಾಗಿ ಸೋತವನು ಸುಮ್ಮನಿರ್ತಾನೆಯೆ?”