ನೀಲಿ ಮರಿ ಯಾರ ಕಡೆಯದು

ಒಂದಾನೊಂದು ಕಾಲದಲ್ಲಿ, ಕಾಲು ಆಡಿಸಬೇಡ ಸಿಂಚು, ಸುಮ್ಮನೆ ಮಲಕ್ಕೊಂಡು ಕೇಳು, ಒಂದು ದೊಡ್ಡ ಪಂಜರದಲ್ಲಿ ಹಸಿರಪ್ಪ, ಹಸಿರವ್ವ ಅಂತ ಎರಡು ಲವ್ ಬರ್ಡ್ಸ್ ಇದ್ವಂತೆ. ನಮ್ಮ ಬಾಲ್ಕನಿಯಲ್ಲಿವೆಯಲ್ಲ, ಅಂಥವೇ. ತೂಗುಹಾಕಿದ ಮಡಕೆಯೊಳಗೆ ಹಸಿರವ್ವ ಮೂರು ಮೊಟ್ಟೆ ಇಟ್ಟು, ಮೂರೂ ಮರಿ ಆದ್ವಂತೆ. ಆಮೇಲೆ ಪುಕ್ಕ ಬಂತು ನೋಡು, ಮೊದಲನೇದು ಹಸಿರು, ಎರಡನೇದು ಹಸಿರು, ಮೂರನೇದು ಆಕಾಶದ ಹಾಗೆ ನೀಲಿ.

ಹಸಿರಪ್ಪನಿಗೆ ತಲೆ ಕೆಟ್ಟುಹೋಯ್ತಂತೆ. ನಾನೂ ಹಸಿರು, ನೀನೂ ಹಸಿರು, ಇದು ಯಾರ ಮರಿ, ಇದಕ್ಕೆ ನಾನು ಒಂದು ಕಾಳು ನವಣೆಯನ್ನೂ ತಿನ್ನಿಸಲ್ಲ ಅಂದನಂತೆ. ಎಂಥಾ ಅಪ್ಪನೋ ಏನೋ. ಹಸಿರವ್ವ ತನ್ನ ಬಾಯಲ್ಲಿದ್ದದ್ದನ್ನೇ ಹಂಚಿ ಹಂಚಿ ಸೊರಗಿದಳಂತೆ, ನೀಲಿ ಮರಿ ಹಸಿವಿಗೆ ಚೀಂ ಅನ್ನೋಕೂ ಆಗದೆ ಕೂತಿತ್ತಂತೆ.

ಸಾಯಲ್ಲ ಕಣೆ, ಮುಂದಕ್ಕೆ ಹೇಳೋಕೆ ಬಿಡು.

ಇದು ಕೊಳೆ ಇರಬೇಕು, ತೊಳಿ ಅಂದನಂತೆ ಗಂಡ. ತೊಳೆದಳು, ಮರಿ ಇನ್ನೂ ನೀಲಿ ಹೊಡೀತಂತೆ. ಆಮೇಲೆ ಸೊಪ್ಪು ತಿನ್ನಿಸು ಅಂದ. ಕೊತ್ತಂಬರಿ ತಿನ್ನಿಸಿದರೆ ಹಿಕ್ಕೆ ಹಸಿರಾಯ್ತೇ ಹೊರತು ಮರಿ ಆಗಲಿಲ್ಲ. ಆಮೇಲೆ ಮೂರನೇ ಸಲ, ನಮ್ಮವ್ವನ್ನೇ ಕೇಳೋಣ ಬಾ, ನಮ್ಮ ವಂಶದಲ್ಲಿ ನೀಲಿ ಇದೆಯಾ ಅಂತ, ಅಂದ್ಕೊಂಡು ಎದೆ ಉಬ್ಬಿಸಿ ಅವರವ್ವ ಇದ್ದ ಪಕ್ಕದ ಮಡಕೆಗೆ ಹೋದನಂತೆ.

ಆ ಮುದುಕಿಗೂ ರೇಗಿಹೋಯ್ತಂತೆ. ಒಳಗೆ ಹೋಗಿ ಮಡಕೆ ತಳದಿಂದ ಒಂದು ಹಳೇ ನೀಲಿ ಪುಕ್ಕ ಎಳೆದು ತಂದು ಮಗನ ಮುಂದೆ ಹಾಕಿದಳಂತೆ.

"ನೀನು ಕಣ್ಣು ಬಿಡೋ ಮುಂಚೆ ಹೋಗಿಬಿಟ್ನಲ್ಲ ನಿಮ್ಮಪ್ಪ, ಅವನದು ಇದು. ನಿನ್ನೊಳಗಿರೋದೂ ನೀಲಿನೇ ಕಣೋ, ನಾನು ಕೊಟ್ಟ ಹಳದಿ ಅದರ ಮೇಲೆ ಕೂತು ಹಸಿರಾಗಿದೀಯ. ನಿಮ್ಮಿಬ್ಬರಲ್ಲಿ ಒಬ್ಬರು ಹಳದಿ ಕೊಟ್ಟಿದ್ದರೂ ಈ ಮರಿ ಹಸಿರಾಗ್ತಿತ್ತು. ಅವಳೂ ಕೊಡಲಿಲ್ಲ, ನೀನೂ ಕೊಡಲಿಲ್ಲ. ಕಾಳಾದರೂ ಕೊಡು, ಹೋಗು."

ಹಸಿರಪ್ಪನಿಗೆ ನಾಚಿಕೆ ಆಯ್ತಂತೆ. ಗಂಟಲ ತುಂಬ ನವಣೆ ತುಂಬ್ಕೊಂಡು ಬಂದು ಮೊದಲು ನೀಲಿ ಮರಿಗೇ ತಿನ್ನಿಸಿದನಂತೆ. ಆಮೇಲೆ ಐದೂ ಒಂದೇ ಕೋಲಿನ ಮೇಲೆ ಸುಖವಾಗಿದ್ವಂತೆ.

ಇನ್ನೇನೇ? ನಿನ್ನ ಬೆಕ್ಕಿನ ಕಣ್ಣಾ? ನಾಮಕರಣದ ಮನೇಲಿ ಯಾರೋ ಇದು ಯಾರ ಕಡೆ ಕಣ್ಣು ಅಂತ ನಿಮ್ಮಮ್ಮನ್ನ ಕೇಳಿದರು ಅಂತ ಬೆಳಗಿಂದ ಮುಖ ಊದಿಸ್ಕೊಂಡಿದೀಯ. ಎರಡೂ ಕಡೆಯದು ಕಣೆ. ನಿಮ್ಮ ತಾತನ ಕಣ್ಣು ನೀನು ನೋಡಿಲ್ಲ, ನಾನು ನೋಡಿದೀನಿ. ಇನ್ನೊಂದು ಸಲ ಯಾರಾದರೂ ಕೇಳಿದರೆ ನನ್ನ ಹತ್ತಿರ ಕಳಿಸು.

ಕತೆ ಮುಗಿದು ಆಗಲೇ ಎಷ್ಟೊತ್ತಾಯ್ತು. ಈಗಾದರೂ ನಿಮ್ಮ ತಾತನ ಕಣ್ಣು ಮುಚ್ಚೇ ತಾಯಿ.