ಒಂದು ಹೆಜ್ಜೆ ಒಳಗೆ

ಪೂಜ್ಯ ನೀಲಾಂಬಿಕೆ ತಾಯಿಯವರು ಆ ಕಾಲದಲ್ಲಿ ಕಲ್ಲಗುಡ್ಡದ ಮಠದ ಹಿತ್ತಿಲಲ್ಲಿ ವಿಭೂತಿಗಟ್ಟಿ ತಟ್ಟುತ್ತಿದ್ದರು. ಅವರು ಗದ್ದುಗೆಯ ಮೇಲೆ ಕೂತದ್ದನ್ನು ಕಂಡವರಿಲ್ಲ. ಕೆಲಸದ ನಡುವೆಯೇ ಅವರ ದರ್ಶನ.

ಒಂದು ಮಧ್ಯಾಹ್ನ ಗರಡಿಮನೆಯ ಉಸ್ತಾದ ಯಮನೂರಪ್ಪ ದೊಣ್ಣೆ ಹಿಡಿದೇ ಬಂದ. ಹಿಂದಿನ ವರ್ಷ ದೊಣ್ಣೆವರಸೆಯಲ್ಲಿ ಅವನ ಹುಬ್ಬಿಗೆ ಪೆಟ್ಟು ಬಿದ್ದಿತ್ತು. ಅಂದಿನಿಂದ ಎದುರಾಳಿ ಕೈ ಎತ್ತಿದರೆ ಸಾಕು, ಕಾಲು ತಾನಾಗಿ ಹಿಂದೆ ಸರಿಯುತ್ತಿತ್ತು. "ಉಸ್ತಾದ, ಹಿಂದ ಗ್ವಾಡಿ ಐತಿ, ನೋಡ್ಕೋ" ಎಂದು ಶಿಷ್ಯರೇ ನಗುತ್ತಿದ್ದರು. ಪಂಚಮಿಯ ದಿನ ಪಕ್ಕದೂರಿನ ಭೀಮಸಿಯೊಂದಿಗೆ ಪಂದ್ಯ. ಮತ್ತೆ ಹಿಂದೆ ಸರಿದು ಕಣದಿಂದ ಹೊರಬಿದ್ದರೆ ಗರಡಿಯನ್ನು ಬೇರೆಯವರಿಗೆ ಬಿಟ್ಟುಕೊಡಬೇಕೆಂದು ಹಿರಿಯರು ಹೇಳಿಬಿಟ್ಟಿದ್ದರು.

"ಅವ್ವಾರ, ನನ್ನ ಹೇಣ್ತಿ ಕಳಿಸ್ಯಾಳ. ವಿಭೂತಿ ಹಚ್ಚಿಕೊಂಡ್ರ ದೊಣ್ಣಿ ಪೆಟ್ಟು ತಪ್ಪತೈತೇನ್ರಿ?"

ತಾಯಿಯವರು ನಕ್ಕರು. "ತಪ್ಪಂಗಿಲ್ಲಪ್ಪ. ಎಲ್ಲಿ, ನನ್ನ ಮ್ಯಾಲೆ ಬೀಸು, ನೋಡೂಣು."

"ಪಾಪ ಹತ್ತತೈತ್ರೀ."

"ಹತ್ತಿದ್ರ ನನಗ ಹತ್ತಲಿ. ಸುಳ್ಳ ಸುಳ್ಳ ಬೀಸಬ್ಯಾಡ."

ಅವನು ಮನಸ್ಸಿಲ್ಲದೆ ದೊಣ್ಣೆ ಎತ್ತಿದ. ತಾಯಿಯವರು ಹಿಂದೆ ಸರಿಯಲಿಲ್ಲ. ದೊಣ್ಣೆ ಇಳಿಯುವ ಮುನ್ನವೇ ಒಂದು ಹೆಜ್ಜೆ ಒಳಗೆ ಬಂದು, ತೂಗುವ ತೊಟ್ಟಿಲನ್ನು ನಿಲ್ಲಿಸುವಂತೆ, ಅವನ ಮೊಣಕೈಗೆ ಅಂಗೈ ಆನಿಸಿ ನಿಂತರು. ದೊಣ್ಣೆಯ ತುದಿ ಅವರ ಬೆನ್ನ ಹಿಂದೆ ಬರೀ ಗಾಳಿಯಲ್ಲಿ ತೂಗಿತು. ಅವನು ತಳ್ಳಿದರೆ ಆ ಕೈ ಮೆಲ್ಲಗೆ ಹಿಂದೆ ಬಂತು. ಎಳೆದರೆ ಜೊತೆಗೇ ಹೋಯಿತು, ಬಿಡಲಿಲ್ಲ. ತನ್ನ ಬಲವೆಲ್ಲ ಎಲ್ಲಿ ಹೋಯಿತೆಂದು ತಿಳಿಯದೆ ಯಮನೂರಪ್ಪ ಮೊಣಕೈಯನ್ನೇ ನೋಡಿದ. ಅಲ್ಲಿ ಐದು ಬೆರಳಿನ ವಿಭೂತಿ ಅಂಟಿತ್ತು.

"ಪೆಟ್ಟು ಇರೋದು ತುದಿಯೊಳಗ. ನೀ ಸರಿದು ಸರಿದು ಅಲ್ಲೇ ಹೋಗಿ ನಿಲ್ತಿ" ಎಂದರು ತಾಯಿಯವರು. "ಹೊಡಿಯಾವನ ಹತ್ರ ಹೋಗು. ಅಲ್ಲಿ ಏನೈತಿ ನೋಡು."

ಏನಿದೆ ಎಂದು ಅವರು ಹೇಳಲಿಲ್ಲ. ಆ ಪ್ರಶ್ನೆಯೇ ಅವನನ್ನು ಪಂಚಮಿಯವರೆಗೆ ಕಾಡಿತು. ಮನೆಯಲ್ಲಿ ಹೆಂಡತಿಯ ಕೈಗೆ ಲಟ್ಟಣಿಗೆ ಕೊಟ್ಟು ಬೀಸಿಸಿಕೊಂಡನಂತೆ. ಆಕೆಗೂ ಬೇಸರವೇನೂ ಆಗಲಿಲ್ಲವಂತೆ.

ಕಣದಲ್ಲಿ ಭೀಮಸಿ ದೊಣ್ಣೆ ಎತ್ತಿದಾಗ ಯಮನೂರಪ್ಪನ ಕಾಲು ಎಂದಿನಂತೆ ಹಿಂದೆ ಸರಿಯಹೊರಟಿತು, ಆದರೂ ಹೆಜ್ಜೆ ಮುಂದಕ್ಕೇ ಬಿತ್ತು. ಎದೆಗೆ ಎದೆ ತಾಗಿತು. ಭೀಮಸಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಅವನಿಗೂ ಹೆದರಿಕೆ! ಕಾಲು ಕೊಟ್ಟು ಕೆಡವಬಹುದಿತ್ತು. ಯಮನೂರಪ್ಪ ಅವನ ಮೊಣಕೈಗೆ ಕೈ ಆನಿಸಿ, ಅವನೊಬ್ಬನಿಗೇ ಕೇಳುವಂತೆ, "ಸಾಕೋ ತಮ್ಮಾ, ಇಳಿಸು" ಎಂದ. ಭೀಮಸಿ ಇಳಿಸಿದ.

ಗರಡಿ ಯಮನೂರಪ್ಪನ ಕೈಯಲ್ಲೇ ಉಳಿಯಿತು. ಈ ಪ್ರಸಂಗವನ್ನು ನಾನು ಕೇಳಿದ್ದು ಮುದುಕನಾದ ಅವನ ಬಾಯಿಂದಲೇ. ಆ ಪಂದ್ಯದ ನಂತರ ಹೊಸದಾಗಿ ಬಂದ ಶಿಷ್ಯರಿಗೆ ಅವನು ಮೊದಲ ವಾರ ದೊಣ್ಣೆ ಮುಟ್ಟಲು ಬಿಡುತ್ತಿರಲಿಲ್ಲ; ಒಬ್ಬೊಬ್ಬರಿಂದಲೂ ಎದುರಿಗಿದ್ದವನ ಎದೆಯ ಮೇಲೆ ಕೈಯಿಡಿಸಿ ಸುಮ್ಮನೆ ನಿಲ್ಲಿಸುತ್ತಿದ್ದ.