ನೂಲಿಹಾಳದ ಬರಿಗಟ್ಟೆ

ನೂಲಿಹಾಳ ಪಟ್ಟಣದ ಮೂಡಲಿಗೆ ನೇಕಾರರ ಓಣಿಯೊಂದಿದೆ. ದಾರ ಹಿಡಿದು ಎಳೆದಂತೆ ನೇರವಾದ ಓಣಿ. ಅದರ ನಟ್ಟನಡುವೆ ಮೊಣಕಾಲೆತ್ತರದ ಕಲ್ಲುಕಟ್ಟೆ. ಕಟ್ಟೆಯ ಮೇಲೆ ದೇವರಿಲ್ಲ, ದೀಪವಿಲ್ಲ, ತುಳಸಿಯೂ ಇಲ್ಲ. ಇದನ್ನು ಅರ್ಧಕ್ಕೆ ಬಿಟ್ಟ ಕೆಲಸವೆಂದು ಪರಸ್ಥಳದವರು ತಿಳಿಯುವುದುಂಟು. ಮೂರ್ತಿ ಕಳುವಾಯಿತೆಂದು ಹೇಳುವವರೂ ಇದ್ದಾರೆ. ಎರಡೂ ತಪ್ಪು. ಕಟ್ಟೆ ಬರಿದಾಗಿ ಉಳಿದದ್ದು ಓಣಿಯವರ ಹಟದಿಂದ. ಬರಿಗಟ್ಟೆ ಓಣಿ ಎಂಬ ಹೆಸರನ್ನು ಅವರು ತಲೆಯೆತ್ತಿಯೇ ಹೇಳುತ್ತಾರೆ.

ಹಿಂದೆ ಒಮ್ಮೆ ದೇಶದ ಪ್ರಧಾನಿಯೊಬ್ಬರು ಈ ಪಟ್ಟಣಕ್ಕೆ ಬಂದಿದ್ದರು. ಓಣಿಯವರು ಅವರ ಹೆಸರು ಹಿಡಿದು ಆಡುವುದಿಲ್ಲ. ‘ಪ್ರಧಾನರು’ ಎಂದಷ್ಟೇ ಹೇಳುತ್ತಾರೆ. ಬಡ ಮಾಸ್ತರರ ಮಗ, ಯೌವನವನ್ನು ಸೆರೆಮನೆಯಲ್ಲಿ ಸವೆಸಿದವರು, ಅಧಿಕಾರ ಬಂದ ಮೇಲೂ ಒಗೆದ ಧೋತರವನ್ನು ತಾವೇ ಮಡಿಚಿಡುತ್ತಿದ್ದವರು ಎನ್ನುತ್ತಾರೆ. ಅಂದು ಅವರ ಕಾರು ಓಣಿಯ ಬಾಯಲ್ಲಿ ನಿಂತುಬಿಟ್ಟಿತು. ಒಳಗೆ ಗುರುಬಸವ್ವ ಎಂಬ ಹೊಸ ಸೊಸೆ ಅತ್ತೆಯೊಡನೆ ಹಾಸು ಎಳೆದಿದ್ದಳು. ಸೀರೆಯ ಉದ್ದೆಳೆಗಳನ್ನು ಓಣಿಯುದ್ದಕ್ಕೂ ಎದೆಮಟ್ಟದಲ್ಲಿ ಬಿಗಿದು, ಗಂಜಿ ಬಳಿದು, ಬಿಸಿಲಿಗೆ ಒಣಗಿಸುವುದೇ ಹಾಸು. ಒಣಗುವ ಮುನ್ನ ಸಡಿಲಿಸಿದರೆ ಎಳೆಗೆ ಎಳೆ ಅಂಟಿ ಅಷ್ಟೂ ನೂಲು ಹಾಳು. ಪೊಲೀಸರು ಬಿಚ್ಚಿರೆಂದು ಗದರಿದರು. ಪ್ರಧಾನರು ಅವರನ್ನು ತಡೆದು, ಕಾರಿನಿಂದಿಳಿದು, ಧೋತರದ ಚುಂಗು ಎತ್ತಿ ಹಿಡಿದು, ಗೋಡೆಗೆ ಬೆನ್ನು ತಾಗಿಸಿಕೊಂಡು ಅಡ್ಡಡ್ಡವಾಗಿ ಓಣಿಯನ್ನು ದಾಟಿದರು. ಗುರುಬಸವ್ವ ಗಾಬರಿಯಾಗಿ ಕುಂಚ ಕೆಳಗಿಡಹೋದಾಗ, ಇಡಬೇಡವೆಂದು ಕೈಸನ್ನೆ ಮಾಡಿದರಂತೆ.

ಕಾಲ ಕಳೆದು ಪ್ರಧಾನರು ತೀರಿಕೊಂಡರು. ಅವರು ನಡೆದ ಓಣಿಯಲ್ಲೇ ಕಂಚಿನ ಮೂರ್ತಿ ನಿಲ್ಲಿಸಬೇಕೆಂದು ಪುರಸಭೆಯ ಅಧ್ಯಕ್ಷ ತೋಪಣ್ಣ ಹೊರಟ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ. ಅಂಥದೊಂದು ದಿನ ಓಣಿಗೆ ಓಣಿಯೇ ಹೊಳೆಗೆ ಹೋಗಿತ್ತು. ಮರಳಿ ಬರುವಷ್ಟರಲ್ಲಿ ಕಟ್ಟೆ ಎದ್ದಿತ್ತು. ಹಾಸು ಎಳೆಯಲು ಪಟ್ಟಣದಲ್ಲಿ ಇನ್ನೊಂದು ನೇರ ಓಣಿಯಿರಲಿಲ್ಲ. ಮೂರ್ತಿ ನಿಂತರೆ ಹಾಸು ನಿಲ್ಲುತ್ತದೆ, ಹಾಸು ನಿಂತರೆ ಮಗ್ಗ. ಎಲ್ಲರಿಗೂ ಇದು ಗೊತ್ತಿತ್ತು. ಆದರೂ ದೊಡ್ಡವರ ಮೂರ್ತಿಯನ್ನು ಬೇಡವೆಂದರೆ ಪಾಪ ಬಂದೀತೆಂದು ಹಿರಿಯರು ಬಾಯಿ ಕಟ್ಟಿಕೊಂಡರು. ಗುರುಬಸವ್ವ ಆಗ ವಿಧವೆ. ಮಗ್ಗವನ್ನು ಒಬ್ಬಳೇ ನಡೆಸುತ್ತಿದ್ದಳು. ಪ್ರಧಾನರ ಮುಖವನ್ನು ಹತ್ತಿರದಿಂದ ಕಂಡವಳು ತಾನು, ಮೂರ್ತಿ ಮಾಡಿಸಿದವರಲ್ಲ ಎಂದು ಅವಳಿಗೆ ಒಳಗೇ ಕುದಿಯಿತು. ಅನಾವರಣದ ಬೆಳಿಗ್ಗೆ ಆ ಕಟ್ಟೆಯ ಮೇಲಿಂದಲೇ ಹಾಸು ಬಿಗಿದು, ದಪ್ಪಗೆ ಗಂಜಿ ಬಳಿದಳು.

ಲಾರಿಯಲ್ಲಿ ಮೂರ್ತಿ ಬಂತು. ಹಿಂದೆಯೇ ಬ್ಯಾಂಡು, ಬೆಳ್ಳಿ ತಟ್ಟೆಯಲ್ಲಿ ಕತ್ತರಿ, ತೋಪಣ್ಣ.

“ಯವ್ವಾ, ಮಂತ್ರಿಗಳು ಬರೂ ಹೊತ್ತಾತು. ಬಿಚ್ಚು ಇದನ್ನ. ಪ್ರಧಾನರಿಗೆ ಮರ್ಯಾದಿ ಕೊಡೂದು ಗೊತ್ತಿಲ್ಲೇನು ನಿನಗ?”

“ಇದ್ದಾಗ ನನ್ನ ನೂಲಿಗೆ ದಾರಿ ಬಿಟ್ಟು ಗ್ವಾಡಿ ಹಿಡದು ನಡದವ್ರು ಅವ್ರು,” ಎಂದಳು ಗುರುಬಸವ್ವ. “ಸತ್ತ ಮ್ಯಾಲೆ ಅಡ್ಡ ನಿಂದರ್ತಾರೇನು? ಅವ್ರನ್ನ ಅಡ್ಡ ನಿಂದ್ರಸಾಂವ ನೀನು. ಕತ್ರಿ ಹ್ಯಾಂಗೂ ತಂದೀದಿ, ಕತ್ತರಸು. ನಿನ್ನ ಕೈಲೇ ಕತ್ತರಸಬೇಕು ಮತ್ತ, ಪೊಲೀಸರ ಕೈಲಿ ಅಲ್ಲ.”

“ತೋಪಣ್ಣಾ, ನಿನ್ನ ಮೈಮ್ಯಾಲಿನ ಅಂಚಿನ ಧೋತರ ಯಾವ ಓಣ್ಯಾಗ ನೇದದ್ದು? ನೋಡಿಕೊಂಡು ಕತ್ತರಸಪಾ!” ಎಂದು ಕಟ್ಟೆಯ ಪಕ್ಕದ ಮನೆಯ ಮುದುಕನೊಬ್ಬ ಕೂಗಿದ. ಬ್ಯಾಂಡಿನವರೂ ನಕ್ಕರು. ತೋಪಣ್ಣ ಕತ್ತರಿ ಎತ್ತಿಕೊಂಡ; ಒದ್ದೆ ಎಳೆಗಳ ಮುಂದೆ ನಿಂತ; ಮತ್ತೆ ತಟ್ಟೆಯಲ್ಲಿಟ್ಟ. ತಡವಾಗಿ ಬನ್ನಿರೆಂದು ಮಂತ್ರಿಗಳಿಗೆ ಹೇಳಿಕಳಿಸಿ, ಒಣಗುವವರೆಗೆ ಕಾಯುತ್ತೇನೆಂದು ಕುರ್ಚಿ ತರಿಸಿದ. ಹಾಸು ಒಣಗಿತು. ಗುರುಬಸವ್ವ ಅದನ್ನು ಸುತ್ತಿಕೊಳ್ಳುತ್ತಿದ್ದಂತೆಯೇ, ಪಾಪಕ್ಕೆ ಅಂಜಿದ್ದ ಆ ಹಿರಿಯರೇ ತಮ್ಮ ಮನೆಗಳ ನೂಲು ಹೊತ್ತು ತಂದು ಅದೇ ಜಾಗದಲ್ಲಿ ಬಿಗಿದರು. ಅದರ ಹಿಂದೆ ಇನ್ನೊಂದು ಮನೆಯದು ಸಿದ್ಧವಾಗಿತ್ತು. ಸಂಜೆಗೆ ಲಾರಿ ಹಿಂದಕ್ಕೆ ತಿರುಗಿತು.

ಮೂರ್ತಿ ಈಗ ಬಸ್ ನಿಲ್ದಾಣದ ಎದುರಿಗಿದೆ. ಪ್ರಧಾನರ ಜಯಂತಿಯಂದು ಪಟ್ಟಣಕ್ಕೆಲ್ಲ ರಜೆ. ಮಾಲೆ, ಭಾಷಣಗಳು ಅಲ್ಲಿ ಕ್ರಮವಾಗಿ ನಡೆಯುತ್ತವೆ. ಬರಿಗಟ್ಟೆ ಓಣಿಗೆ ಮಾತ್ರ ಅಂದು ರಜೆಯಿಲ್ಲ. ಹೊತ್ತು ಹುಟ್ಟುವುದರೊಳಗೆ ಕಟ್ಟೆಯ ಮೇಲೆ ಬಿಳಿಯ ಎಳೆಗಳು ಬಿಗಿದು ನಿಂತಿರುತ್ತವೆ, ಎರಡೂ ಬದಿಗೆ ಹೆಂಗಸರ ಕುಂಚಗಳು ಆಡುತ್ತಿರುತ್ತವೆ. ಇಂಥ ದಿನವೂ ಕೆಲಸವೇ ಎಂದು ಕೇಳುವ ಪ್ರವಾಸಿಗಳಿಗೆ, ಗಂಜಿ ಒಣಗುವ ಮುನ್ನ ಉತ್ತರ ಕೊಡಲು ಅಲ್ಲಿ ಯಾರಿಗೂ ಪುರುಸೊತ್ತಿಲ್ಲ.